ಮಳೆಗಾಲಕ್ಕೆ ಮುನ್ನ ಪವರ್ ಟಿಲ್ಲರ್: ಬೆಲ್ಟ್, ಕ್ಲಚ್, ಬ್ಲೇಡುಗಳನ್ನು ಯಾವ ಕ್ರಮದಲ್ಲಿ ಸರಿಪಡಿಸಬೇಕು

ಜೂನ್ ತಿಂಗಳ ಎರಡನೆಯ ವಾರ ಬಂತೆಂದರೆ ಪ್ರತಿ ವರ್ಷವೂ ಒಂದೇ ದೂರು ಕೇಳಿಬರುತ್ತದೆ. ಅಂಗಳದಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಟಿಲ್ಲರ್ ಗದ್ದೆಯ ಕೆಸರಿಗಿಳಿದೊಡನೆ ನಿಂತುಬಿಡುತ್ತದೆ; ಎಂಜಿನ್ ಬೊಬ್ಬಿರಿಯುತ್ತದೆ, ಚಕ್ರ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಬೆಲ್ಟ್ ಬಿಗಿ ಮಾಡಿದೆವು, ಪ್ರಯೋಜನವಾಗಲಿಲ್ಲ. ಕ್ಲಚ್ ಬಿಗಿ ಮಾಡಿದೆವು, ಈಗ ಕ್ಲಚ್ ಬಿಡುವುದೇ ಇಲ್ಲ, ಗೇರ್ ಹಾಕಿದರೆ ಕರಕರ ಸದ್ದು ಬರುತ್ತದೆ ಎನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಬ್ರಹ್ಮಾವರದ ಕಡೆಯವರೂ ಇದನ್ನೇ ಹೇಳುತ್ತಾರೆ, ಮೂಲ್ಕಿಯ ಕಡೆಯವರೂ ಇದನ್ನೇ ಹೇಳುತ್ತಾರೆ. ಬಿಚ್ಚಿ ನೋಡಿದರೆ ಹೆಚ್ಚಿನ ಯಂತ್ರಗಳಲ್ಲಿ ಕೆಟ್ಟಿರುವುದು ಯಾವ ಭಾಗವೂ ಅಲ್ಲ, ಸರಿಪಡಿಸಿದ ಕ್ರಮ.

ಟಿಲ್ಲರಿನಲ್ಲಿ ಶಕ್ತಿಯು ಎಂಜಿನ್ನಿನಿಂದ ಬೆಲ್ಟಿಗೆ, ಬೆಲ್ಟಿನಿಂದ ಕ್ಲಚ್ಚಿಗೆ, ಅಲ್ಲಿಂದ ಗೇರ್ ಪೆಟ್ಟಿಗೆಗೆ, ಕೊನೆಗೆ ಚಕ್ರಕ್ಕೂ, ಬ್ಲೇಡುಗಳಿಂದ ಮಣ್ಣು ಕದಡುವ ರೋಟರಿಗೂ ಹರಿಯುತ್ತದೆ. ಗದ್ದೆಗೆ ನೀರು ಬಾರದಿದ್ದರೆ ನಾವು ಮೊದಲು ತೋಡಿನ ಕಟ್ಟ ನೋಡಿ, ಆಮೇಲೆ ಕಣಿಯನ್ನು ನೋಡುತ್ತ ಕೆಳಗೆ ಬರುತ್ತೇವಲ್ಲವೇ, ಇಲ್ಲಿಯೂ ಅದೇ ದಾರಿ. ಎಂಜಿನ್ನಿಗೆ ಉಸಿರು ಕಟ್ಟಿದ್ದರೆ ಬೆಲ್ಟಿನ ಸ್ಥಿತಿ ತಿಳಿಯುವುದಿಲ್ಲ. ಬೆಲ್ಟ್ ಜಾರುತ್ತಿದ್ದರೆ ಕ್ಲಚ್ಚಿನ ಸ್ಥಿತಿ ತಿಳಿಯುವುದಿಲ್ಲ. ಕ್ಲಚ್ ಅರ್ಧ ಹಿಡಿದಿದ್ದರೆ ಬ್ಲೇಡು ಮೊಂಡಾಗಿದೆಯೇ, ಮಣ್ಣು ಗಟ್ಟಿಯಾಗಿದೆಯೇ ಎಂದು ಹೇಳಲಾಗುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಯಾವುದನ್ನೂ ಹಾರಿಸಬೇಡಿ, ಹಿಂದುಮುಂದು ಮಾಡಬೇಡಿ.

ಇಲ್ಲಿ ಬರೆದಿರುವುದು 12ರಿಂದ 15 ಅಶ್ವಶಕ್ತಿಯ, ಒಂದೇ ಸಿಲಿಂಡರಿನ, ನೀರಿನಿಂದ ತಂಪಾಗುವ ಡೀಸೆಲ್ ಟಿಲ್ಲರಿಗೆ, ಅಂದರೆ ಮುಂದೆ ಎಂಜಿನ್, ಬದಿಯಲ್ಲಿ ವಿ ಆಕಾರದ ಬೆಲ್ಟುಗಳು, ಹಿಂದೆ ರೋಟರಿ ಇರುವ, ಹಿಡಿಕೆ ಹಿಡಿದು ಹಿಂದಿನಿಂದ ನಡೆಯಬೇಕಾದ ಯಂತ್ರಕ್ಕೆ ಅನ್ವಯಿಸುತ್ತದೆ. ಅಡಿಕೆ ತೋಟದಲ್ಲಿ ಬಳಸುವ ಸಣ್ಣ ಪೆಟ್ರೋಲ್ ವೀಡರಿನ ರಚನೆ ಬೇರೆ. ಅಳತೆಗಳ ವಿಷಯದಲ್ಲಿ ನಿಮ್ಮ ಯಂತ್ರದ ಕೈಪಿಡಿಗೂ ಈ ಬರಹಕ್ಕೂ ವ್ಯತ್ಯಾಸ ಕಂಡರೆ ಕೈಪಿಡಿಯ ಮಾತೇ ಅಂತಿಮ.

## ಯಾವಾಗ ಆರಂಭಿಸಬೇಕು, ಏನೇನು ಬೇಕು

ಮೇ 24 ಅಥವಾ 25ರಂದು ಬರುವ ಪತ್ತನಾಜೆಯ ಹೊತ್ತಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನಕ್ಕೆ, ಈ ಕೆಲಸವೆಲ್ಲ ಮುಗಿದಿರಬೇಕು. ಮೊದಲ ಮಳೆ ಬಿದ್ದ ಮೇಲೆ ಬೆಲ್ಟ್ ಹುಡುಕಿಕೊಂಡು ಪೇಟೆಗೆ ಹೋದವರಿಗೆ ಬೇಕಾದ ಅಳತೆಯದು ಸಿಗುವುದು ಕಷ್ಟ, ಮೆಕ್ಯಾನಿಕ್ ಸಿಗುವುದು ಇನ್ನೂ ಕಷ್ಟ. ಮೇ ತಿಂಗಳ ಎರಡನೆಯ ವಾರದಲ್ಲಿ ಒಂದು ಇಡೀ ದಿನವನ್ನು ಇದಕ್ಕೆಂದೇ ತೆಗೆದಿಡಿ.

ರಿಂಗ್ ಸ್ಪ್ಯಾನರುಗಳ ಒಂದು ಸೆಟ್, ಬ್ಲೇಡಿನ ಬೋಲ್ಟಿಗೆ ಸರಿಹೊಂದುವ ಬಾಕ್ಸ್ ಸ್ಪ್ಯಾನರ್, ಸ್ಕ್ರೂ ಡ್ರೈವರ್, ಇಕ್ಕಳ, ಗ್ರೀಸ್ ಗನ್, ಗಾಳಿಯ ಒತ್ತಡ ನೋಡುವ ಗೇಜ್, ಉದ್ದನೆಯ ಗಟ್ಟಿ ಹುರಿ, ಸೀಮೆಸುಣ್ಣ, ಹಳೆಯ ಎಣ್ಣೆ ಹಿಡಿಯಲು ಅಗಲ ಬಾಯಿಯ ಪಾತ್ರೆ, ಒಂದು ಪಾರದರ್ಶಕ ಬಾಟಲಿ, ಒಣ ಬಟ್ಟೆ, ಯಂತ್ರವನ್ನು ಆನಿಸಿಡಲು ಎರಡು ದಪ್ಪ ಮರದ ತುಂಡುಗಳು, ಇಷ್ಟನ್ನು ಕೈಗೆಟಕುವಂತೆ ಇಟ್ಟುಕೊಳ್ಳಿ. ಹೊಂದಿಸಿ ಬಳಸುವ ಸ್ಪ್ಯಾನರ್ ಒಂದನ್ನೇ ನಂಬಬೇಡಿ. ತುಕ್ಕು ಹಿಡಿದ ಬೋಲ್ಟಿನ ಮೂಲೆಗಳನ್ನು ಅದು ಉರುಟು ಮಾಡಿಬಿಡುತ್ತದೆ.

## ಹಂತ 1: ತೊಳೆದು, ಸಮನೆಲದಲ್ಲಿ ನಿಲ್ಲಿಸಿ, ಕಣ್ಣಿನಿಂದ ಪರೀಕ್ಷಿಸುವುದು

ಹಿಂದಿನ ಬೆಳೆಯ ಒಣಮಣ್ಣು ಮೆತ್ತಿಕೊಂಡಿರುವ ಯಂತ್ರದಲ್ಲಿ ಸೋರಿಕೆಯೂ ಕಾಣದು, ಬಿರುಕೂ ಕಾಣದು. ಹಿಂದಿನ ದಿನವೇ ತೊಳೆದು ಒಣಗಿಸಿ. ಜೋರಾಗಿ ನೀರು ಚಿಮ್ಮಿಸುವ ಪಂಪಿನಿಂದ ತೊಳೆಯುವುದಾದರೆ ಅಚ್ಚಿನ ತುದಿಯ ಆಯಿಲ್ ಸೀಲ್ (ಎಣ್ಣೆ ಹೊರಗೆ, ನೀರು ಒಳಗೆ ಹೋಗದಂತೆ ತಡೆಯುವ ಬಳೆ), ಕ್ಲಚ್ ಭಾಗ, ಏರ್ ಕ್ಲೀನರಿನ ಬಾಯಿ, ಈ ಮೂರು ಕಡೆಗೆ ಧಾರೆಯನ್ನು ನೇರವಾಗಿ ಹಿಡಿಯಬಾರದು.

ಒಣಗಿದ ಮೇಲೆ ಸಿಮೆಂಟು ನೆಲದಲ್ಲೋ ಗಟ್ಟಿ ಅಂಗಳದಲ್ಲೋ ನಿಲ್ಲಿಸಿ, ಗೇರ್ ನ್ಯೂಟ್ರಲಿಗೆ ತಂದು, ಚಕ್ರಕ್ಕೆ ಅಡೆ ಕೊಡಿ. ಎಣ್ಣೆ ಒಸರಿದ ಗುರುತುಗಳಿಗೆಲ್ಲ ಸೀಮೆಸುಣ್ಣದಿಂದ ವೃತ್ತ ಹಾಕಿ. ಸಡಿಲಾದ ಬೋಲ್ಟನ್ನು ಈ ಹಂತದಲ್ಲೇ ಬಿಗಿಯುವ ಆತುರ ಬೇಡ, ಅದಕ್ಕೂ ಗುರುತು ಹಾಕಿದರೆ ಸಾಕು, ಏಕೆಂದರೆ ಎಂಜಿನ್ನಿನ ಬುಡದ ಬೋಲ್ಟುಗಳನ್ನು ನಾಲ್ಕನೆಯ ಹಂತದಲ್ಲಿ ಹೇಗೂ ಸಡಿಲಿಸಬೇಕಾಗುತ್ತದೆ.

## ಹಂತ 2: ಎಣ್ಣೆಗಳು, ಮುಖ್ಯವಾಗಿ ಎಣ್ಣೆಯೊಳಗಿನ ನೀರು

ಬೇರೆ ಊರಿನವರಿಗಿಂತ ಕರಾವಳಿಯವರು ಹೆಚ್ಚು ಎಚ್ಚರ ವಹಿಸಬೇಕಾದ ಹಂತ ಇದು. ನಮ್ಮ ತಗ್ಗಿನ ಬೈಲು ಗದ್ದೆಗಳಲ್ಲಿ ಯಂತ್ರವು ಮೊಣಕಾಲುದ್ದದ ನೀರು ಕೆಸರಿನಲ್ಲಿ ಗಂಟೆಗಟ್ಟಲೆ ದುಡಿಯುತ್ತದೆ. ಅಚ್ಚಿನ ಸೀಲ್ ಸ್ವಲ್ಪ ಸವೆದಿದ್ದರೂ ನೀರು ಗೇರ್ ಪೆಟ್ಟಿಗೆಯೊಳಗೆ ಸೇರುತ್ತದೆ. ಹಾಗೆ ಸೇರಿದ ನೀರು ಹೊರಗಿನಿಂದ ಕಾಣುವುದಿಲ್ಲ; ಕಡ್ಡಿ ಹಾಕಿ ನೋಡಿದರೆ ಎಣ್ಣೆ ಸಾಕಷ್ಟಿದೆ ಎಂದೇ ತೋರುತ್ತದೆ, ಇನ್ನೂ ಸ್ವಲ್ಪ ಹೆಚ್ಚೇ ಇದೆ ಎಂದು ಕೆಲವರು ಸಮಾಧಾನ ಪಡುವುದೂ ಉಂಟು. ಹಾಕದೆಯೇ ಹೆಚ್ಚಾದ ಎಣ್ಣೆ ಎಂದರೆ ಅದು ನೀರು.

ಪರೀಕ್ಷೆ ಸುಲಭ. ಯಂತ್ರವನ್ನು ಒಂದು ಇಡೀ ರಾತ್ರಿ ಅಲುಗಾಡಿಸದೆ ಬಿಡಿ. ನೀರು ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನವೇ ಗೇರ್ ಪೆಟ್ಟಿಗೆಯ ಅಡಿಯ ಡ್ರೈನ್ ಬೋಲ್ಟನ್ನು ಪೂರ್ತಿ ತೆಗೆಯದೆ ಎರಡು ಮೂರು ಸುತ್ತು ಸಡಿಲಿಸಿ, ಮೊದಲು ಬರುವ ಅರ್ಧ ಲೋಟದಷ್ಟನ್ನು ಪಾರದರ್ಶಕ ಬಾಟಲಿಗೆ ಹಿಡಿಯಿರಿ. ಶುದ್ಧ ಎಣ್ಣೆ ಬಂದರೆ ಬೋಲ್ಟನ್ನು ಬಿಗಿ ಮಾಡಿ ಮುಂದುವರಿಯಬಹುದು. ಮೊದಲು ನೀರು ಬಂದು ಆಮೇಲೆ ಎಣ್ಣೆ ಬಂದರೆ, ಅಥವಾ ಎಣ್ಣೆಯು ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಪೂರ್ತಿ ಖಾಲಿ ಮಾಡಿ ಹೊಸ ಎಣ್ಣೆ ಹಾಕಬೇಕು. ಸೀಲ್ ಬದಲಾಯಿಸದೆ ಎಣ್ಣೆ ಮಾತ್ರ ಬದಲಾಯಿಸಿದರೆ ಎರಡು ದಿನದಲ್ಲಿ ಮತ್ತೆ ಅದೇ ಕತೆ. ಇದೇ ಪರೀಕ್ಷೆಯನ್ನು ರೋಟರಿಯ ಚೈನ್ ಪೆಟ್ಟಿಗೆಗೂ ಮಾಡಿ. ಅದು ಇನ್ನೂ ಕೆಳಗಿರುವುದರಿಂದ ನೀರು ನುಗ್ಗುವುದು ಅಲ್ಲಿಯೇ ಹೆಚ್ಚು.

ಎಂಜಿನ್ ಎಣ್ಣೆಯನ್ನು ಸಾಮಾನ್ಯವಾಗಿ 100 ಗಂಟೆಯ ಕೆಲಸಕ್ಕೊಮ್ಮೆ ಬದಲಾಯಿಸುವುದು ರೂಢಿ. ಗಂಟೆ ತುಂಬದಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸುವುದೇ ಲೇಸು. ಹಳೆಯ ಎಣ್ಣೆಯನ್ನು ಇಳಿಸುವ ಮುನ್ನ ಐದು ನಿಮಿಷ ಎಂಜಿನ್ ಓಡಿಸಿ ಬೆಚ್ಚಗೆ ಮಾಡಿದರೆ ಕಸರು ಸಮೇತ ಇಳಿಯುತ್ತದೆ. ಎಂಜಿನ್ನಿಗೆ ಎಂಜಿನ್ ಎಣ್ಣೆ, ಗೇರ್ ಪೆಟ್ಟಿಗೆಗೆ ಕೈಪಿಡಿ ಹೇಳಿದ ಎಣ್ಣೆ. ಹಲವು ಯಂತ್ರಗಳಿಗೆ ಅದು ಎಸ್‌ಎಇ 90 ದರ್ಜೆಯದು. ಡಬ್ಬಿಯಲ್ಲಿ ಉಳಿದದ್ದನ್ನು ಒಂದಕ್ಕೊಂದು ಬೆರೆಸಬಾರದು. ಇಳಿಸಿದ ಎಣ್ಣೆಯನ್ನು ತೋಡಿಗೂ ಬಾವಿಕಟ್ಟೆಯ ಬಳಿಯೂ ಚೆಲ್ಲದೆ, ಡಬ್ಬಿಯಲ್ಲಿ ತುಂಬಿಸಿ ಗ್ಯಾರೇಜಿಗೆ ಕೊಡಿ.

## ಹಂತ 3: ಗಾಳಿ, ಡೀಸೆಲ್, ನೀರು

ಟಿಲ್ಲರಿನ ಏರ್ ಕ್ಲೀನರ್ ಸಾಮಾನ್ಯವಾಗಿ ತಳದಲ್ಲಿ ಎಣ್ಣೆ ತುಂಬಿಸುವ ಬಗೆಯದು. ಬಟ್ಟಲನ್ನು ಬಿಚ್ಚಿ, ಕಪ್ಪಾದ ಎಣ್ಣೆಯನ್ನು ಚೆಲ್ಲಿ, ಜಾಲರಿಯನ್ನು ಡೀಸೆಲಿನಲ್ಲಿ ತೊಳೆದು ಒಣಗಿಸಿ, ಗುರುತಿನ ಗೆರೆಯ ತನಕ ಮಾತ್ರ ಹೊಸ ಎಣ್ಣೆ ಹಾಕಿ. ಗೆರೆ ದಾಟಿ ತುಂಬಿಸಬಾರದು. ಹೆಚ್ಚಾದ ಎಣ್ಣೆಯನ್ನು ಎಂಜಿನ್ ಒಳಗೆಳೆದುಕೊಂಡರೆ ಅದನ್ನೇ ಇಂಧನವಾಗಿ ಉರಿಸಿಕೊಂಡು, ಎಕ್ಸಲೇಟರ್ ಇಳಿಸಿದರೂ ಕೇಳದೆ, ವೇಗ ಏರಿಸಿಕೊಳ್ಳುತ್ತಲೇ ಹೋಗುವ ಅಪಾಯವಿದೆ.

ಡೀಸೆಲ್ ಟ್ಯಾಂಕಿನ ತಳದಲ್ಲಿಯೂ ನೀರು ಸೇರಿರುತ್ತದೆ. ಅರ್ಧ ಖಾಲಿಯಾದ ಟ್ಯಾಂಕಿನೊಳಗೆ ಮಳೆಗಾಲದ ತೇವದ ಗಾಳಿ ತಂಪಾಗಿ ಹನಿಗಟ್ಟುವುದರಿಂದ, ಸಂಜೆ ಕೆಲಸ ಮುಗಿಸಿದೊಡನೆ ಟ್ಯಾಂಕ್ ತುಂಬಿಸಿಡುವ ಅಭ್ಯಾಸ ಒಳ್ಳೆಯದು. ಫಿಲ್ಟರ್ ತೆಗೆದು ಹಾಕಿದ ಮೇಲೆ ಕೊಳವೆಯೊಳಗಿನ ಗಾಳಿಯನ್ನು ಹೊರಬಿಡಲೇಬೇಕು. ಫಿಲ್ಟರಿನ ಬಳಿಯ ಸಣ್ಣ ಸ್ಕ್ರೂವನ್ನು ಸಡಿಲಿಸಿ ಗುಳ್ಳೆಯಿಲ್ಲದ ಡೀಸೆಲ್ ಬರುವ ತನಕ ಕಾದು ಬಿಗಿ ಮಾಡಿ. ಬಳಿಕ ಇಂಜೆಕ್ಷನ್ ಪಂಪಿನ ಸ್ಕ್ರೂವಿನಲ್ಲಿಯೂ ಹಾಗೆಯೇ ಮಾಡಿ. ಇಲ್ಲಿಯೂ ಟ್ಯಾಂಕಿನಿಂದ ಎಂಜಿನ್ನಿನ ಕಡೆಗೇ ಸಾಗಬೇಕು, ತಿರುವು ಮುರುವು ಮಾಡಿದರೆ ಗಾಳಿ ಮತ್ತೆ ಸೇರಿಕೊಳ್ಳುತ್ತದೆ. ಆಮೇಲೆ ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಎತ್ತಿ ಹಿಡಿದು ಹ್ಯಾಂಡಲ್ ತಿರುಗಿಸಿದಾಗ, ಡೀಸೆಲ್ ಚಿಮ್ಮಿಸುವ ನಾಝಲಿನಿಂದ ಕಿರ್ರ್ ಎಂಬ ಸದ್ದು ಸ್ಪಷ್ಟವಾಗಿ ಕೇಳಬೇಕು. ಅದು ಕೇಳದಿದ್ದರೆ ಎಷ್ಟು ಹ್ಯಾಂಡಲ್ ಹೊಡೆದರೂ ಭುಜ ನೋವೇ ಹೊರತು ಸ್ಟಾರ್ಟ್ ಆಗದು. ನಾಝಲನ್ನು ಹೊರತೆಗೆದು ಪರೀಕ್ಷಿಸುವುದು ಮೆಕ್ಯಾನಿಕ್ಕಿನ ಕೆಲಸ. ಅದರಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಹೋಗುವಷ್ಟು ಒತ್ತಡದಲ್ಲಿರುತ್ತದೆ, ಬೆರಳು ಅಡ್ಡ ಹಿಡಿದು ನೋಡುವ ಸಾಹಸ ಬೇಡ.

ಎಂಜಿನ್ ಸ್ಟಾರ್ಟ್ ಆಗಿ ಹತ್ತು ನಿಮಿಷ ಓಡಿ ತಾನಾಗಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತಿದ್ದರೆ, ಪಂಪು ನಾಝಲುಗಳನ್ನು ಬಿಚ್ಚುವ ಮುನ್ನ ಟ್ಯಾಂಕಿನ ಮುಚ್ಚಳವನ್ನು ನೋಡಿ. ಗಾಳಿಯಾಡಲೆಂದು ಮುಚ್ಚಳದಲ್ಲಿ ಒಂದು ಸಣ್ಣ ತೂತಿರುತ್ತದೆ. ಬೇಸಿಗೆಯಲ್ಲಿ ಕಣಜ ಅದರಲ್ಲಿ ಮಣ್ಣು ಮೆತ್ತಿದ್ದರೆ ಟ್ಯಾಂಕಿನೊಳಗೆ ಗಾಳಿ ಹೋಗದೆ ಡೀಸೆಲ್ ಇಳಿಯುವುದಿಲ್ಲ. ಒಂದು ತೆಂಗಿನ ಕಡ್ಡಿಯಿಂದ ಮುಗಿಯುವ ರಿಪೇರಿಗೆ ಪಂಪನ್ನೇ ಬಿಚ್ಚಿಸಿ ದುಡ್ಡು ಕಳೆದುಕೊಂಡವರಲ್ಲಿ ನಾನೂ ಒಬ್ಬ.

ರೇಡಿಯೇಟರಿನ ನೀರನ್ನು ಎಂಜಿನ್ ತಣ್ಣಗಿರುವಾಗ ಮಾತ್ರ ನೋಡಿ. ಅದರ ರೆಕ್ಕೆಗಳ ನಡುವೆ ಸಿಕ್ಕಿಕೊಂಡ ಬೈಹುಲ್ಲು, ಕೆಸರುಗಳನ್ನು ಮೆಲ್ಲನೆ ನೀರು ಹಾಯಿಸಿ ತೆಗೆಯಬೇಕು, ಮೊಳೆಯಿಂದ ಕೆರೆಯಬಾರದು.

ಹ್ಯಾಂಡಲ್ ಹೊಡೆಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟುಕೊಳ್ಳಿ, ಹ್ಯಾಂಡಲನ್ನು ಸುತ್ತಿ ಹಿಡಿಯಬೇಡಿ. ಎಂಜಿನ್ ಹಿಮ್ಮುಖವಾಗಿ ಒದ್ದರೆ ಮುಷ್ಟಿ ತಾನಾಗಿ ಬಿಡಿಸಿಕೊಳ್ಳಬೇಕು, ಇಲ್ಲವಾದರೆ ಹೆಬ್ಬೆರಳೋ ಮಣಿಕಟ್ಟೋ ಮುರಿಯುತ್ತದೆ.

## ಹಂತ 4: ಬೆಲ್ಟ್

ಎಂಜಿನ್ ಸರಿಯಾಗಿ ಓಡುತ್ತಿದೆ ಎಂದು ಖಚಿತವಾದ ಮೇಲೆ, ಅದನ್ನು ನಿಲ್ಲಿಸಿ, ಪುಲ್ಲಿ ಪೂರ್ತಿ ನಿಂತ ಮೇಲೆಯೇ ಬೆಲ್ಟಿನ ಕವಚ ತೆಗೆಯಿರಿ. ಮೊದಲ ಕೆಲಸ ಬಿಗಿ ಮಾಡುವುದಲ್ಲ, ನೋಡುವುದು. ವಿ ಬೆಲ್ಟ್ ಪುಲ್ಲಿಯನ್ನು ಹಿಡಿಯುವುದು ತನ್ನ ಎರಡು ಓರೆ ಬದಿಗಳಿಂದ. ಆ ಬದಿಗಳು ಗಾಜಿನಂತೆ ಹೊಳೆಯುತ್ತಿದ್ದರೆ ಅದು ಜಾರಿ ಜಾರಿ ಸುಟ್ಟಿದೆ ಎಂದರ್ಥ. ಪುಲ್ಲಿಯಲ್ಲಿ ಬೆಲ್ಟ್ ಕೂರುವ ಕೊರಕಲಿನ ತಳವೂ ಹೊಳೆಯುತ್ತಿದ್ದರೆ ಬೆಲ್ಟ್ ಸವೆದು ತಳಕ್ಕೆ ತಾಗುತ್ತಿದೆ. ಅಂಥ ಬೆಲ್ಟನ್ನು ಎಷ್ಟು ಬಿಗಿದರೂ ಅದು ಹಿಡಿಯಲಾರದು, ಬದಲಾಯಿಸಲೇಬೇಕು. ಬೆಲ್ಟಿನ ಮೇಲೆ ಎಣ್ಣೆ ಇದ್ದರೆ ಅದು ಎಲ್ಲಿಂದ ಬಂತೆಂದು ಮೊದಲ ಹಂತದ ಸೀಮೆಸುಣ್ಣದ ಗುರುತುಗಳನ್ನು ನೋಡಿ ಸೋರಿಕೆಯನ್ನು ನಿಲ್ಲಿಸಿ. ಜಾರುವ ಬೆಲ್ಟಿಗೆ ರಾಳದ ಪುಡಿ ಹಾಕುವವರಿದ್ದಾರೆ. ಅದು ಅರ್ಧ ದಿನ ಹಿಡಿದಂತೆ ಮಾಡಿ ಆಮೇಲೆ ಕೆಸರಿನೊಡನೆ ಸೇರಿ ಅರದಂತೆ ಬೆಲ್ಟನ್ನೇ ತಿನ್ನುತ್ತದೆ.

ಬದಲಾಯಿಸುವುದಾದರೆ ಎಲ್ಲ ಬೆಲ್ಟುಗಳನ್ನೂ ಒಟ್ಟಿಗೆ ಬದಲಾಯಿಸಿ. ಮೂರರಲ್ಲಿ ಒಂದು ಮಾತ್ರ ಹೊಸದಾದರೆ, ಹಳೆಯವೆರಡು ಹಿಗ್ಗಿರುವುದರಿಂದ ಭಾರವೆಲ್ಲ ಹೊಸದರ ಮೇಲೆಯೇ ಬಿದ್ದು ಅದು ಬೇಗ ಹರಿಯುತ್ತದೆ. ಹಳೆಯ ಬೆಲ್ಟಿನ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ಬರೆದುಕೊಂಡು ಹೋಗಿ, ಮೂರನ್ನೂ ಒಂದೇ ತಯಾರಿಕೆಯದನ್ನೇ ಕೊಳ್ಳಿ.

ಬಿಗಿ ಮಾಡುವ ಕ್ರಮ ಹೀಗಿದೆ. ಹೆಚ್ಚಿನ ಟಿಲ್ಲರುಗಳಲ್ಲಿ ಬೆಲ್ಟನ್ನು ಬಿಗಿಯುವುದೆಂದರೆ ಎಂಜಿನ್ನನ್ನೇ ಮುಂದಕ್ಕೆ ಸರಿಸುವುದು. ಎಂಜಿನ್ನಿನ ಬುಡದ ನಾಲ್ಕು ಬೋಲ್ಟುಗಳನ್ನು ಒಂದೆರಡು ಸುತ್ತು ಮಾತ್ರ ಸಡಿಲಿಸಿ, ಬಿಗಿತ ಹೊಂದಿಸುವ ಉದ್ದ ಬೋಲ್ಟನ್ನು ತಿರುಗಿಸುತ್ತ ಮೆಲ್ಲನೆ ಸರಿಸಿ. ಹಾರೆಯಿಂದ ಮೀಟಬೇಡಿ. ಎರಡು ಪುಲ್ಲಿಗಳ ನಡುಮಧ್ಯದಲ್ಲಿ ಬೆಲ್ಟನ್ನು ಹೆಬ್ಬೆರಳಿನಿಂದ ಸಾಧಾರಣ ಬಲದಲ್ಲಿ ಒತ್ತಿದಾಗ ಅದು ಸುಮಾರು ಎರಡು ಸೆಂಟಿಮೀಟರ್ ತಗ್ಗಬೇಕು; ನಿಮ್ಮ ಮಾದರಿಗೆ ಕೈಪಿಡಿ ಬೇರೆ ಅಳತೆ ಹೇಳಿದ್ದರೆ ಅದನ್ನೇ ಹಿಡಿಯಿರಿ. ಅನಂತರ ಎರಡು ಪುಲ್ಲಿಗಳ ಮುಖಕ್ಕೆ ಹುರಿಯನ್ನು ಎಳೆದು ಹಿಡಿದು, ಒಂದು ಪುಲ್ಲಿ ಓರೆಯಾಗಿಲ್ಲವೆಂದು ನೋಡಿಕೊಳ್ಳಿ. ಎಂಜಿನ್ನಿನ ಒಂದು ಬದಿ ಹೆಚ್ಚು ಸರಿದಿದ್ದರೆ ಬೆಲ್ಟ್ ಒಂದೇ ಬದಿಯಲ್ಲಿ ಸವೆಯುತ್ತದೆ, ಪುಲ್ಲಿಯಿಂದ ಹೊರಗೆ ಹಾರುವುದೂ ಉಂಟು. ನಾಲ್ಕು ಬೋಲ್ಟುಗಳನ್ನು ಮೂಲೆಯಿಂದ ಎದುರು ಮೂಲೆಗೆ ಎಂಬಂತೆ ಬಿಗಿ ಮಾಡಿ, ಮತ್ತೊಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಬೋಲ್ಟು ಬಿಗಿಯುವಾಗ ಎಂಜಿನ್ ಕೊಂಚ ಸರಿಯುವುದರಿಂದ ಮೊದಲ ಅಳತೆಯನ್ನು ನಂಬುವಂತಿಲ್ಲ.

ಬಿಗಿ ಹೆಚ್ಚಾದರೂ ನಷ್ಟವೇ. ಒಂದು ವರ್ಷ ನಾನು, ಬೆಲ್ಟ್ ಜಾರಲೇಕೂಡದೆಂಬ ಹಠದಿಂದ ಚೆಂಡೆಯ ಚರ್ಮದಂತೆ ಬಿಗಿದು ಗದ್ದೆಗಿಳಿಸಿದೆ. ಮೂರನೆಯ ದಿನ ಕ್ಲಚ್ ಕಡೆಯ ಬೇರಿಂಗ್ ಪುಡಿಯಾಯಿತು, ಯಂತ್ರವನ್ನು ಬೈಲಿನ ನಡುವಿನಿಂದ ಹುಣಿಗೆ (ಗದ್ದೆಯ ಬದುವಿಗೆ) ತರಲು ಆರು ಮಂದಿ ಬೇಕಾದರು, ನೇಜಿ (ಭತ್ತದ ಸಸಿ) ನೆಡಲು ಬಂದವರು ಕೈಕಟ್ಟಿ ನಿಂತಿದ್ದರು. ಸಡಿಲ ಬೆಲ್ಟ್ ಬೆಲ್ಟನ್ನು ಮಾತ್ರ ಕೊಲ್ಲುತ್ತದೆ, ಅತಿ ಬಿಗಿಯಾದದ್ದು ಬೇರಿಂಗನ್ನೂ ಶಾಫ್ಟನ್ನೂ ಕೊಲ್ಲುತ್ತದೆ.

ಇಲ್ಲಿಗೆ ಬೆಲ್ಟಿನ ಕೆಲಸ ಮುಗಿಯಿತೆಂದು ಕವಚ ಹಾಕುವವರು ಒಂದನ್ನು ಮರೆಯುತ್ತಾರೆ. ಎಂಜಿನ್ ಮುಂದಕ್ಕೆ ಸರಿದಾಗ ಹಿಡಿಕೆಯಿಂದ ಬರುವ ಎಕ್ಸಲೇಟರ್ ಕೇಬಲ್ ಎಳೆದಂತಾಗುತ್ತದೆ. ಹಿಡಿಕೆಯ ಲಿವರನ್ನು ಪೂರ್ತಿ ಇಳಿಸಿದರೂ ಎಂಜಿನ್ ವೇಗ ಇಳಿಯದಿದ್ದರೆ ಕಾರಣ ಇದೇ. ಕೇಬಲಿನ ತುದಿಯ ನಟ್ಟಿನಲ್ಲಿ ಅದನ್ನು ಸಡಿಲಿಸಿ ಸರಿಪಡಿಸಿ. ಇದನ್ನು ಮಾಡದೆ ಮುಂದಿನ ಹಂತಕ್ಕೆ ಹೋದರೆ, ಹೆಚ್ಚಿನ ವೇಗದ ಕಾರಣದಿಂದ ಗೇರ್ ಕರಕರ ಎನ್ನುವುದನ್ನು ಕ್ಲಚ್ಚಿನ ದೋಷವೆಂದು ತಿಳಿದು ಸರಿಯಾಗಿರುವ ಕ್ಲಚ್ಚನ್ನು ಕೆಡಿಸುತ್ತೀರಿ. ಜೂನ್ ತಿಂಗಳ ದೂರುಗಳಲ್ಲಿ ಈ ಬಗೆಯವೇ ಹೆಚ್ಚು.

ಹೊಸ ಬೆಲ್ಟ್ ಮೊದಲ ಎರಡು ಮೂರು ಗಂಟೆಯ ಕೆಲಸದಲ್ಲಿ ಹಿಗ್ಗುತ್ತದೆ. ಆಮೇಲೆ ಒಮ್ಮೆ ಮತ್ತೆ ಅಳೆದು ಬಿಗಿ ಮಾಡಲೇಬೇಕು.

## ಹಂತ 5: ಮುಖ್ಯ ಕ್ಲಚ್

ಮೊದಲು ದೋಷ ಕ್ಲಚ್ಚಿನದೇ ಎಂದು ಖಚಿತಪಡಿಸಿಕೊಳ್ಳಿ. ಕವಚವನ್ನು ಹಾಕಿಯೇ, ಒಣಗದ್ದೆಯಲ್ಲಿ ರೋಟರಿ ಇಳಿಸಿ ಭಾರ ಕೊಟ್ಟಾಗ ಸುಟ್ಟ ರಬ್ಬರಿನ ವಾಸನೆ ಹಾಗೂ ಕೀಚಲು ಸದ್ದು ಬಂದರೆ ಜಾರುತ್ತಿರುವುದು ಬೆಲ್ಟ್. ನಾಲ್ಕನೆಯ ಹಂತಕ್ಕೆ ಹಿಂದಿರುಗಿ. ಕೀಚಲು ಇಲ್ಲದೆ, ಎಂಜಿನ್ ವೇಗ ಏರಿದರೂ ಯಂತ್ರ ಸಾಗದೆ, ಕ್ಲಚ್ ಭಾಗ ಮಾತ್ರ ಬಿಸಿಯಾಗಿ ಲಾರಿಯ ಬ್ರೇಕ್ ಸುಟ್ಟಂಥ ವಾಸನೆ ಬಂದರೆ ಜಾರುತ್ತಿರುವುದು ಕ್ಲಚ್.

ಹಿಡಿಕೆಯ ಬಳಿಯ ಲಿವರಿನಿಂದ ಕ್ಲಚ್ಚಿಗೆ ಹೋಗುವ ಸರಳಿನಲ್ಲಿ ಹೊಂದಿಸುವ ನಟ್ ಇರುತ್ತದೆ. ಒಮ್ಮೆಗೆ ಅರ್ಧ ಸುತ್ತು ಮಾತ್ರ ತಿರುಗಿಸಿ, ಪ್ರತಿ ಸಲವೂ ಎರಡು ಪರೀಕ್ಷೆ ಮಾಡಿ. ಎಂಜಿನ್ ನಿಧಾನ ವೇಗದಲ್ಲಿರುವಾಗ ಕ್ಲಚ್ ಬಿಡಿಸಿ ಗೇರ್ ಹಾಕಿದರೆ ಅದು ಸದ್ದಿಲ್ಲದೆ ಬೀಳಬೇಕು. ಕ್ಲಚ್ ಹಿಡಿಸಿದಾಗ ಭಾರದ ಕೆಲಸದಲ್ಲಿ ಜಾರಬಾರದು. ಒಂದು ಪರೀಕ್ಷೆಯಲ್ಲಿ ಗೆದ್ದು ಇನ್ನೊಂದರಲ್ಲಿ ಸೋತರೆ ಹೊಂದಾಣಿಕೆ ಇನ್ನೂ ಆಗಿಲ್ಲವೆಂದೇ ತಿಳಿಯಿರಿ. ಲಿವರಿನಲ್ಲಿ ಸ್ವಲ್ಪ ಸಡಿಲ ಚಲನೆ ಉಳಿದಿರಬೇಕು. ಅದನ್ನೂ ಬಿಗಿದು ತೆಗೆದರೆ ಒಳಗಿನ ಬೇರಿಂಗ್ ಸದಾ ಉಜ್ಜುತ್ತ ಸುಟ್ಟುಹೋಗುತ್ತದೆ. ನಟ್ಟಿನ ಎಳೆಗಳು ಮುಗಿದರೂ ಕ್ಲಚ್ ಜಾರುತ್ತಿದ್ದರೆ ಒಳಗಿನ ಪ್ಲೇಟುಗಳು ಸವೆದಿವೆ. ಆಗ ತಿರುಗಿಸುವುದನ್ನು ನಿಲ್ಲಿಸಿ, ಬಿಚ್ಚಿಸಿ.

ಕ್ಲಚ್ ಬಳಿಯ ಗ್ರೀಸ್ ನಿಪ್ಪಲಿಗೆ ಒಂದೆರಡು ಸಲ ಗನ್ ಒತ್ತಿದರೆ ಸಾಕು. ಹೆಚ್ಚಾದ ಗ್ರೀಸ್ ಪ್ಲೇಟಿಗೆ ಹರಿದು, ಚೆನ್ನಾಗಿದ್ದ ಕ್ಲಚ್ ಅಂದೇ ಜಾರಲು ಆರಂಭಿಸುತ್ತದೆ.

## ಹಂತ 6: ಸ್ಟೇರಿಂಗ್ ಕ್ಲಚ್

ಯಂತ್ರ ಒಂದೇ ಬದಿಗೆ ಎಳೆಯುತ್ತದೆ ಎಂದು ಸ್ಟೇರಿಂಗ್ ಕ್ಲಚ್ಚಿಗೆ (ತಿರುಗಿಸಲೆಂದು ಒಂದೊಂದೇ ಚಕ್ರದ ಶಕ್ತಿ ತಪ್ಪಿಸುವ ಕ್ಲಚ್ಚಿಗೆ) ಕೈಹಾಕುವ ಮುನ್ನ ಎರಡೂ ಟಯರುಗಳ ಗಾಳಿಯನ್ನು ಗೇಜಿನಿಂದ ಅಳೆಯಿರಿ. ಒಂದರಲ್ಲಿ ಕಡಿಮೆಯಿದ್ದರೆ ಆ ಬದಿಗೇ ಎಳೆಯುತ್ತದೆ. ಅದು ಸಮವಿದ್ದ ಮೇಲೆಯೇ ಹಿಡಿಕೆಯ ಅಡಿಯ ಎರಡು ಲಿವರುಗಳನ್ನು ನೋಡಿ. ಎರಡರಲ್ಲಿಯೂ ಕೆಲವೇ ಮಿಲಿಮೀಟರಿನ ಸಡಿಲವಿರಬೇಕು, ಮತ್ತು ಆ ಸಡಿಲ ಎರಡಕ್ಕೂ ಸಮವಾಗಿರಬೇಕು. ಸಡಿಲವೇ ಇಲ್ಲದಿದ್ದರೆ ಕ್ಲಚ್ ಪೂರ್ತಿ ಕೂರದೆ ಹಲ್ಲುಗಳು ಜಾರಿ ಟಕಟಕ ಸದ್ದು ಮಾಡುತ್ತವೆ.

ಈ ಹಂತದಲ್ಲಿ ಹೇಳಲೇಬೇಕಾದ ಅಪಾಯ ಒಂದಿದೆ. ನಮ್ಮಲ್ಲಿ ಮನೆ ಇರುವುದು ಗುಡ್ಡೆಯ ಬದಿಯಲ್ಲಿ, ಗದ್ದೆ ಇರುವುದು ಕೆಳಗೆ ಬೈಲಿನಲ್ಲಿ; ನಡುವಿನ ದಾರಿ ಕಡಿದಾದ ಮುರಕಲ್ಲಿನ (ಕೆಂಪುಕಲ್ಲಿನ) ಇಳಿಜಾರು. ಸಮನೆಲದಲ್ಲಿ ಎಡ ಲಿವರ್ ಒತ್ತಿದರೆ ಎಡಚಕ್ರಕ್ಕೆ ಶಕ್ತಿ ತಪ್ಪಿ ಯಂತ್ರ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಯಂತ್ರವನ್ನು ತಡೆದು ಹಿಡಿದಿರುವುದೇ ಎಂಜಿನ್; ಅಲ್ಲಿ ಎಡ ಲಿವರ್ ಒತ್ತಿದರೆ ಎಡಚಕ್ರ ತಡೆಯಿಲ್ಲದೆ ಮುಂದಕ್ಕೆ ಉರುಳಿ ಯಂತ್ರ ಬಲಕ್ಕೆ ತಿರುಗುತ್ತದೆ. ಗಾಬರಿಯಲ್ಲಿ ಎರಡನ್ನೂ ಒತ್ತಿದರೆ ಎರಡೂ ಚಕ್ರಗಳಿಗೆ ತಡೆ ತಪ್ಪಿ ಯಂತ್ರ ಓಟ ಕೀಳುತ್ತದೆ. ಆದ್ದರಿಂದ ಇಳಿಜಾರಿಗೆ ಬರುವ ಮುನ್ನವೇ ಕೆಳಗಿನ ಗೇರಿಗೆ ಹಾಕಿ, ಲಿವರುಗಳನ್ನು ಮುಟ್ಟದೆ, ಮುಖ್ಯ ಕ್ಲಚ್ಚನ್ನೂ ಬಿಡಿಸದೆ, ಹಿಡಿಕೆಯನ್ನು ಕೈಬಲದಿಂದ ಮಾತ್ರ ಅತ್ತಿತ್ತ ನೂಕುತ್ತ ಇಳಿಸಬೇಕು. ಹೊಸಬರ ಕೈಗೆ ಮೊದಲ ದಿನವೇ ಇಳಿಜಾರಿನಲ್ಲಿ ಯಂತ್ರ ಕೊಡಬಾರದು.

## ಹಂತ 7: ರೋಟರಿ ಮತ್ತು ಬ್ಲೇಡು

ಎಂಜಿನ್ ನಿಲ್ಲಿಸಿ, ಚಕ್ರದ ಗೇರು, ರೋಟರಿಯ ಗೇರು ಎರಡನ್ನೂ ನ್ಯೂಟ್ರಲಿಗೆ ತಂದು, ರೋಟರಿಯನ್ನು ಎತ್ತಿ ಅದರ ಚೌಕಟ್ಟಿನ ಅಡಿಗೆ ಮರದ ತುಂಡುಗಳನ್ನು ಆನಿಸಿ. ಯಂತ್ರದ ಸ್ವಂತ ಊರುಗೋಲನ್ನು ಮಾತ್ರ ನಂಬಿ ಅದರಡಿಗೆ ಕೈ ಹಾಕಬಾರದು.

ಮೊದಲು ಶಾಫ್ಟಿಗೆ ಸುತ್ತಿಕೊಂಡದ್ದನ್ನೆಲ್ಲ ಬಿಡಿಸಿ. ಹುಲ್ಲಿಗಿಂತ ದೊಡ್ಡ ಶತ್ರು ನೈಲಾನ್ ದಾರ. ನವಿಲು, ಹಂದಿಗಳ ಕಾಟಕ್ಕೆ ಗದ್ದೆಯ ಸುತ್ತ ಹಳೆಯ ಮೀನುಬಲೆ ಕಟ್ಟುವುದು ನಮ್ಮಲ್ಲಿ ಸಾಮಾನ್ಯ. ಅದರ ತುಂಡೊಂದು ಶಾಫ್ಟಿನ ತುದಿಗೆ ಸುತ್ತಿಕೊಂಡರೆ ಬಿಸಿಯಾಗಿ ಒಳಸರಿದು ಆಯಿಲ್ ಸೀಲನ್ನು ಕತ್ತರಿಸುತ್ತದೆ. ಎರಡನೆಯ ಹಂತದಲ್ಲಿ ಕಂಡ ನೀರಿಗೆ ಎಷ್ಟೋ ಸಲ ಮೂಲ ಇದೇ. ಕೆಸರಿನಲ್ಲಿ ಕೈಗೆ ಗಾಯವಾದರೆ ಉದಾಸೀನ ಮಾಡಬೇಡಿ. ಮಳೆಗಾಲದ ಗದ್ದೆಯ ನೀರಿನಿಂದ ಇಲಿಜ್ವರ ಇಂಥ ಗಾಯಗಳ ಮೂಲಕವೂ ತಗಲುತ್ತದೆ. ಕೈಗವಸು ಹಾಕಿಕೊಳ್ಳಿ, ಗಾಯದ ಬಳಿಕ ಜ್ವರ ಬಂದರೆ ವೈದ್ಯರಲ್ಲಿ ಗದ್ದೆಯ ಕೆಲಸದ ವಿಷಯ ಹೇಳಿ.

ಬ್ಲೇಡುಗಳು ಎಡ, ಬಲ ಎಂದು ಎರಡು ಬಗೆ. ಎಲ್ಲವನ್ನೂ ಒಮ್ಮೆಗೇ ಬಿಚ್ಚಿ ರಾಶಿ ಹಾಕಿದರೆ ಜೋಡಿಸುವಾಗ ತಪ್ಪುವುದು ಖಂಡಿತ. ಒಂದನ್ನು ಬಿಚ್ಚಿ ಅಲ್ಲಿಯೇ ಹೊಸತನ್ನು ಹಾಕಿ ಮುಂದಿನದಕ್ಕೆ ಹೋಗಿ. ಶಾಫ್ಟ್ ತಿರುಗುವಾಗ ಹರಿತವಾದ ಅಂಚೇ ಮೊದಲು ಮಣ್ಣಿಗೆ ತಾಗಬೇಕು. ಬೆನ್ನು ಮೊದಲು ತಾಗುವಂತೆ ಹಾಕಿದರೆ ಯಂತ್ರ ಕುಣಿಯುತ್ತದೆ, ಮಣ್ಣು ಮಾತ್ರ ಕದಡುವುದಿಲ್ಲ. ಹೊಸ ಬ್ಲೇಡನ್ನು ಹಳೆಯದರ ಪಕ್ಕ ಹಿಡಿದು ನೋಡಿ. ಅಗಲ ಅರ್ಧಕ್ಕೆ ಬಂದಿದ್ದರೆ ಬದಲಾಯಿಸಿ. ಬಾಗಿದ್ದನ್ನು ಕಾಸಿ ನೆಟ್ಟಗೆ ಮಾಡಿ ಬಳಸುವುದು ಬೇಡ, ಹಾಗೆ ಕಾಸಿದ ಉಕ್ಕು ತನ್ನ ಗುಣ ಕಳೆದುಕೊಂಡು ಮುರಕಲ್ಲಿಗೆ ತಾಗಿದೊಡನೆ ಮುರಿಯುತ್ತದೆ. ಬೋಲ್ಟ್, ನಟ್, ವಾಷರುಗಳನ್ನು ಹೊಸತೇ ಹಾಕಿ. ಮೊದಲ ಒಂದು ಗಂಟೆಯ ಉಳುಮೆಯ ಬಳಿಕ ಎಲ್ಲವನ್ನೂ ಮತ್ತೊಮ್ಮೆ ಬಿಗಿಯಲೇಬೇಕು; ಗದ್ದೆಯಲ್ಲಿ ಕಳೆದುಹೋದ ಬ್ಲೇಡು ಸಿಗುವುದು ನೇಜಿ ನೆಡುವವರ ಕಾಲಿಗೆ.

ಹಿಂಬದಿಯ ಸಣ್ಣ ಚಕ್ರದಿಂದ ಉಳುಮೆಯ ಆಳ ಹೊಂದಿಸುವಾಗ ಮೊದಲ ಸಾಲನ್ನು ಮೇಲಾಗಿಯೇ ಹೊಡೆಯಿರಿ, ಎರಡನೆಯ ಸಲಕ್ಕೆ ಆಳ ಹೆಚ್ಚಿಸಿ. ಹಿಂದಕ್ಕೆ ಚಲಿಸುವಾಗ ರೋಟರಿ ತಿರುಗುತ್ತಿರಬಾರದು. ಟಿಲ್ಲರಿನಿಂದ ಕಾಲು ಕಳೆದುಕೊಳ್ಳುವಂಥ ಅಪಘಾತ ಆಗುವುದು ಹೀಗೆ: ಹುಣಿಯ ಮೂಲೆಯಲ್ಲಿ ಹಿಂದಕ್ಕೆ ತೆಗೆಯುವಾಗ ನಡೆಯುವವರು ಕೆಸರಿನಲ್ಲಿ ಜಾರಿ ಬೀಳುತ್ತಾರೆ, ತಿರುಗುವ ಬ್ಲೇಡು ಅವರ ಮೇಲೆ ಬರುತ್ತದೆ.

## ಹಂತ 8: ಪರೀಕ್ಷೆ

ನೇರವಾ‌ಗಿ ಬೈಲಿಗೆ ಇಳಿಸಬೇಡಿ. ಅಂಗಳದಲ್ಲಿ ಹತ್ತು ನಿಮಿಷ ನಿಧಾನ ವೇಗದಲ್ಲಿ ಓಡಿಸಿ, ಆಮೇಲೆ ಒಣಗಿದ, ಎತ್ತರದ ಬೆಟ್ಟು ಗದ್ದೆಯಲ್ಲಿ ಅರ್ಧ ಗಂಟೆ ಉಳುಮೆ ಮಾಡಿ, ನಿಲ್ಲಿಸಿ, ಚಕ್ರದ ಗುಂಬ ಮತ್ತು ಚೈನ್ ಪೆಟ್ಟಿಗೆಗಳ ಬಳಿ ಅಂಗೈಯ ಹಿಂಬದಿ ಒಯ್ದು ಬಿಸಿ ನೋಡಿ. ಎರಡು ಬದಿಗಳಲ್ಲಿ ಒಂದೇ ಬದಿ ಸುಡುವಷ್ಟು ಬಿಸಿಯಾಗಿದ್ದರೆ ಅಲ್ಲಿ ಬೇರಿಂಗ್ ಅಥವಾ ಎಣ್ಣೆಯ ತೊಂದರೆಯಿದೆ. ಹೊಗೆಯನ್ನೂ ಗಮನಿಸಿ. ಭಾರ ಕೊಟ್ಟಾಗ ಸ್ವಲ್ಪ ಕಪ್ಪು ಹೊಗೆ ಸಹಜ. ಅದು ನಿಲ್ಲದೆ ಬಂದರೆ ಗಾಳಿಯ ದಾರಿ ಕಟ್ಟಿದೆ ಅಥವಾ ಆಳ ಹೆಚ್ಚಾಗಿದೆ. ನೀಲಿ ಹೊಗೆ ಎಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೆಯೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲಿನಲ್ಲಿ ಅಥವಾ ಸಿಲಿಂಡರಿನಲ್ಲಿ ನೀರು ಸೇರುತ್ತಿದೆ.

ಇಷ್ಟರಲ್ಲಿ ಗೆದ್ದ ಯಂತ್ರಕ್ಕೆ ಮಾತ್ರ ಕೆಸರಿಗೆಂದೇ ಇರುವ, ಪಂಜರದಂಥ ಕಬ್ಬಿಣದ ಕೇಜ್ ವೀಲ್ ಜೋಡಿಸಿ. ಅದನ್ನು ಡಾಂಬರು ರಸ್ತೆಯಲ್ಲಿ ಓಡಿಸಬಾರದು. ರಸ್ತೆಯೂ ಕಿತ್ತುಹೋಗುತ್ತದೆ, ಗೇರ್ ಪೆಟ್ಟಿಗೆಗೂ ಪೆಟ್ಟು.

## ಹಂತ 9: ಕೆಲಸದ ದಿನಗಳಲ್ಲಿ, ಮತ್ತು ಕೆಲಸ ಮುಗಿದ ಮೇಲೆ

ಏಣೆಲಿನ (ಮಳೆಗಾಲದ ಮೊದಲ ಬೆಳೆಯ) ಉಳುಮೆಯ ದಿನಗಳಲ್ಲಿ ಪ್ರತಿ ಸಂಜೆ ತೊಳೆದು, ಶಾಫ್ಟಿನ ದಾರ ಬಿಡಿಸಿ, ಟ್ಯಾಂಕ್ ತುಂಬಿಸಿ. ಪ್ರತಿ ಬೆಳಿಗ್ಗೆ ಎಂಜಿನ್ ಎಣ್ಣೆ, ರೇಡಿಯೇಟರಿನ ನೀರು, ಬ್ಲೇಡಿನ ಬೋಲ್ಟು ನೋಡಿ. ವಾರಕ್ಕೊಮ್ಮೆ ಗೇರ್ ಪೆಟ್ಟಿಗೆಯ ಬಾಟಲಿ ಪರೀಕ್ಷೆ ಮಾಡಿದರೆ ಸಾಕು.

ಸುಗ್ಗಿ ಅಥವಾ ಕೊಳಕೆಯ (ಎರಡನೆಯ ಅಥವಾ ಮೂರನೆಯ ಬೆಳೆಯ) ಉಳುಮೆ ಮುಗಿದು ಯಂತ್ರವನ್ನು ತಿಂಗಳುಗಟ್ಟಲೆ ಇಡುವಾಗ ಹೆಚ್ಚು ಹಾನಿ ಮಾಡುವುದು ಕಡಲ ಬದಿಯ ಉಪ್ಪುಗಾಳಿ. ತೊಳೆದು ಒಣಗಿಸಿ, ಬಣ್ಣ ಹೋದ ಜಾಗಕ್ಕೂ ಬ್ಲೇಡುಗಳಿಗೂ ಎಣ್ಣೆ ಸವರಿ. ರೇಡಿಯೇಟರಿನ ನೀರು ಇಳಿಸಿ. ಬೆಲ್ಟ್ ಸಡಿಲಿಸಿ. ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟದಂತೆ ಲಿವರನ್ನು ಬಿಡಿಸಿದ ಸ್ಥಿತಿಯಲ್ಲಿಡಿ. ಹ್ಯಾಂಡಲನ್ನು ಮೆಲ್ಲನೆ ತಿರುಗಿಸಿ, ಅದು ಅತಿ ಹೆಚ್ಚು ಬಿಗಿಯಾಗುವ ಜಾಗದಲ್ಲಿ ಬಿಡಿ. ಅಲ್ಲಿ ಎರಡೂ ವಾಲ್ವುಗಳು ಮುಚ್ಚಿರುವುದರಿಂದ ತೇವದ ಗಾಳಿ ಸಿಲಿಂಡರಿಗೆ ಹೋಗದು. ಟಯರುಗಳು ನೆಲಕ್ಕೆ ತಾಗದಂತೆ ಮರದ ತುಂಡುಗಳ ಮೇಲೆ ಎತ್ತಿಡಿ.

ಸೈಲೆನ್ಸರಿನ ಬಾಯಿಗೆ ತಗಡಿನ ಡಬ್ಬಿ ಕವಚಿ, ಏರ್ ಕ್ಲೀನರಿನ ಬಾಯಿಗೆ ಬಟ್ಟೆ ಕಟ್ಟಿ. ಇಲ್ಲವಾದರೆ ಒಂದರಲ್ಲಿ ಕಣಜ, ಇನ್ನೊಂದರಲ್ಲಿ ಇಲಿ ಸಂಸಾರ ಹೂಡುತ್ತವೆ. ಹಾಗೆ ಕಟ್ಟಿದ್ದು ಮೇ ತಿಂಗಳಲ್ಲಿ ಹ್ಯಾಂಡಲ್ ಹೊಡೆಯುವಾಗ ನೆನಪಿರುವುದಿಲ್ಲವಾದ್ದರಿಂದ, ಹ್ಯಾಂಡಲಿಗೂ ಒಂದು ಕೆಂಪು ಬಟ್ಟೆಯ ತುಂಡು ಕಟ್ಟಿಡಿ.